ಮೇಷ್ಟ್ರಿಗೂ ಒಂದು ಗಂಟೆ

ನಮ್ಮ ಹೆಡ್‌ಮಾಸ್ಟರು ಇಂಗ್ಲೆಂಡಿಗೆ ಹೋಗಿ ಬಂದದ್ದು ನಾನು ಬರೆದ ಎಂಟು ಪುಟಗಳಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮನುಷ್ಯನ ಬಗ್ಗೆ ನಾನು ಸಮಾಧಾನದಿಂದ ಬರೆಯುತ್ತಿದ್ದೇನೆಂದು ಯಾರೂ ತಿಳಿಯಬಾರದು.

ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿತ್ತು. ನಾನು ಗುಂಡ್ಲುಪೇಟೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ಪಾಠದ ಟೆಂಪರರಿ ಮೇಷ್ಟ್ರು. ಮೈಸೂರಿನಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಿಗೆ ಅಲೆದು ಒಂದಷ್ಟು ಷೀಲ್ಡು ತಂದಿದ್ದೆ. ಅಲ್ಲಿ ಕಲಿತದ್ದು ಒಂದೇ: ಎದುರುಮಾತಿಲ್ಲದ ಮಾತೇ ಇಲ್ಲ. ಅದನ್ನು ಒಂಬತ್ತನೇ ತರಗತಿಗೆ ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಆಟವಾಗಿಸಿದೆ. ಒಬ್ಬರು ಎದ್ದು ಯಾವುದಾದರೂ ವಿಷಯದ ಪರ ಮಾತಾಡಬೇಕು. ಇನ್ನೊಬ್ಬರ ಕೈಯಲ್ಲಿ ಪೂಜೆಯ ಗಂಟೆ. ಅದನ್ನು ಬಾರಿಸಿದ ಕ್ಷಣವೇ ಮಾತಾಡುತ್ತಿದ್ದವರು ತಿರುಗಿಬಿದ್ದು ತಮ್ಮ ಮಾತನ್ನು ತಾವೇ ಒಡೆಯಬೇಕು.

"ನಮ್ ತರ್ಕಾರಿಯೆಲ್ಲಾ ಕೇರಳಕ್ಕೆ ಓಯ್ತದೆ ಸಾ, ಒಳ್ಳೆ ರೇಟು ಸಿಕ್ತದೆ," ಎಂದು ಒಬ್ಬ ಶುರುಮಾಡುತ್ತಿದ್ದ. ಗಂಟೆ. "ಒಳ್ಳೇವೆಲ್ಲಾ ಅಲ್ಲಿಗೆ ಓಯ್ತವೆ, ಕೊಳ್ತಿರೋ ಟಮಾಟ ನಾವ್ ತಿಂತೀವಿ!" ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು. ಇನ್ನೊಂದು ನಿಯಮವಿತ್ತು. ಮಾತಾಡುತ್ತಿರುವವರು ಮೇಷ್ಟ್ರಾದರೆ ಮೇಷ್ಟ್ರಿಗೂ ಗಂಟೆ. ನನಗೆ ಎಷ್ಟೋ ಸಲ ಬಾರಿಸಿದ್ದರು.

ಆ ವರ್ಷ ಕಚೇರಿಯಿಂದ ಸುತ್ತೋಲೆ ಬಂತು. ಎರಡು ದೇಶಗಳ ಶಿಕ್ಷಕರ ವಿನಿಮಯ. ಇಲ್ಲಿಂದ ಆಯ್ಕೆಯಾದವರು ಆರು ವಾರ ಇಂಗ್ಲೆಂಡಿನ ಶಾಲೆಗಳಲ್ಲಿದ್ದು, ಮಕ್ಕಳಿಗೆ ಹೊಸದಾಗಿ ಯೋಚಿಸುವುದನ್ನೂ ಕೇಳಿದ್ದನ್ನು ಒರೆಗೆ ಹಚ್ಚುವುದನ್ನೂ ಹೇಗೆ ಕಲಿಸುತ್ತಾರೆಂದು ನೋಡಿ ಬರಬೇಕು. ಆಮೇಲೆ ಅಲ್ಲಿಯವರು ಇಲ್ಲಿಗೆ. ಅರ್ಜಿಯಲ್ಲಿ ತಾನು ಕ್ಲಾಸಿನಲ್ಲಿ ಮಾಡಿನೋಡಿದ ಒಂದು ವಿಧಾನವನ್ನು ವಿವರಿಸಬೇಕು. ನಾನು ಇಂಗ್ಲಿಷಿನಲ್ಲಿ ಎಂಟು ಪುಟ ಬರೆದೆ. ಮೇಷ್ಟ್ರಿಗೂ ಗಂಟೆ ಎಂಬುದು ಆರನೇ ಪುಟದಲ್ಲಿತ್ತು. ಎಲ್ಲ ಅರ್ಜಿಗಳಂತೆ ಇದೂ ಹೆಡ್‌ಮಾಸ್ಟರ ಮೂಲಕವೇ ಹೋಗಬೇಕಿತ್ತು. ಕೊಟ್ಟೆ.

ಎರಡು ತಿಂಗಳಾದ ಮೇಲೆ ಹೆಡ್‌ಮಾಸ್ಟರೇ ಆಯ್ಕೆಯಾದ ಸುದ್ದಿ ಬಂತು. ಫೈಲು ತೆಗೆದು ನೋಡಿದೆ. ನನ್ನವೇ ಎಂಟು ಪುಟ, ಬೇರೆ ಟೈಪು, ಕೆಳಗೆ ಅವರ ರುಜು. ನೇರ ಅವರ ಕೋಣೆಗೆ ಹೋದೆ.

"ಸಾರ್, ಇದು ನಾನು ಬರೆದದ್ದು."

"ಯಾರಿಲ್ಲ ಅಂದೋರು? ಸ್ಕೂಲಿಂದ ಕಳ್ಸಿದ್ಮೇಲೆ ಅದು ಸ್ಕೂಲ್ದು ಕಣಯ್ಯಾ. ನೀನು ಟೆಂಪ್ರವರಿ. ನಿನ್ನೆಸ್ರಲ್ಲಿ ಕಳ್ಸಿದ್ರೆ ಅಲ್ಲೇ ಕಸದ ಬುಟ್ಟಿಗೆ ಆಕೋರು. ನಿಂಗೆ ಪಾಸ್‌ಪೋರ್ಟಾದ್ರೂ ಅದಾ?"

"ನಿಮಗಿತ್ತಾ ಸಾರ್?"

"ಮಾಡುಸ್ಕಂಡೆ. ಓಗು, ಬೆಲ್ಲಾಯ್ತು."

ಆರು ವಾರ ಕಳೆದು, ಬೇಸಿಗೆ ಬಿಸಿಲಲ್ಲಿ ಉಣ್ಣೆಯ ಕೋಟು ತೊಟ್ಟು ಬಂದರು. "ಅಲ್ಲಿ ಮಕ್ಳು ಮೇಷ್ಟ್ರನ್ನ ಎಸ್ರಿಡ್ದು ಕೂಗ್ತವೆ ಕಣ್ರಯ್ಯಾ!" ಎಂದು ಸ್ಟಾಫ್ ರೂಮಿನಲ್ಲಿ ಬೆರಗಾದರು. ಅದೇ ಮಧ್ಯಾಹ್ನ, ಕೇಳದೆ ನೀರಿಗೆ ಎದ್ದ ಹುಡುಗನಿಗೆ ಎರಡು ಬಿಗಿದರು.

ನಾನು ಕಾಯುತ್ತಿದ್ದೆ. ಆಗಸ್ಟಿನಲ್ಲಿ ಅಲ್ಲಿಂದ ಇಬ್ಬರು ಶಿಕ್ಷಕಿಯರು ಬಂದರು. ಚಾಮರಾಜನಗರದಲ್ಲಿ ಅಧಿಕಾರಿಗಳು, ಜಿಲ್ಲೆಯ ಮೇಷ್ಟ್ರುಗಳ ಮುಂದೆ ನಮ್ಮ ಹೆಡ್‌ಮಾಸ್ಟರಿಂದ ಮಾದರಿ ಪಾಠ. ನಮ್ಮ ಕಡೆ ಮಾದರಿ ಪಾಠವೆಂದರೆ ವಾರವಿಡೀ ತಾಲೀಮು. ಯಾರು ಏನು ಕೇಳಬೇಕು, ಯಾರು ಏನು ಹೇಳಬೇಕು, ಎಲ್ಲ ಮೊದಲೇ ಬಾಯಿಪಾಠ. "ಗೊತ್ತಿರೋರು ಬಲಗೈ ಎತ್ರಿ, ಗೊತ್ತಿಲ್ದೋರು ಎಡಗೈ ಎತ್ರಿ. ಎಲ್ರು ಕೈಯೂ ಮ್ಯಾಲಿರ್ಬೇಕು," ಎಂದು ಹೆಡ್‌ಮಾಸ್ಟರೇ ಕ್ಲಾಸಿಗೆ ಬಂದು ಹೇಳಿಹೋದರು. ಬಾಗಿಲಲ್ಲಿ ನಿಂತು ನನಗೆ, "ಮಿಕ್ಕಿದ್ದು ನೀನೇ ರೆಡಿ ಮಾಡ್ಬುಡು. ಇಂಗ್ಲಿಷ್ಗೆ ಏಳೋ ಕೆಲ್ಸಾನೂ ನಿಂದೇ," ಎಂದರು.

ಗಂಟೆಯ ಮಾತನ್ನೇ ಎತ್ತಲಿಲ್ಲ. ಅಷ್ಟರಲ್ಲೇ ನನಗೆ ಗೊತ್ತಾಯಿತು. ಇವರು ರುಜು ಹಾಕಿದ್ದನ್ನು ಓದಿಯೇ ಇಲ್ಲ. ಓದಿದ್ದರೆ ಆರನೇ ಪುಟ ಗೊತ್ತಿರುತ್ತಿತ್ತು. ಬರುವವರು ಓದಿರುತ್ತಾರೆ, ಅದಕ್ಕಾಗಿಯೇ ಕಾದಿರುತ್ತಾರೆ. ಗಂಟೆ ಬಾರಿಸಿದಾಗ ಇವರು ಕಣ್ಣು ಕಣ್ಣು ಬಿಟ್ಟರೆ, ಆ ಎಂಟು ಪುಟ ಇವರದ್ದಲ್ಲವೆಂದು ಇಡೀ ಜಿಲ್ಲೆಗೆ ತಿಳಿಯುತ್ತದೆ. ನನಗೆ ಬೇಕಾದದ್ದು ಅಷ್ಟೇ.

ಗಂಟೆಯನ್ನು ಮುಂದಿನ ಬೆಂಚಿನ ಹುಡುಗಿಗೆ ಕೊಟ್ಟೆ. "ಕೊನೆಯಲ್ಲಿ ಹೆಡ್‌ಮೇಷ್ಟ್ರು ಭಾಷಣ ಮಾಡ್ತಾರೆ. ಮಕ್ಕಳು ಗುರುಗಳನ್ನೂ ಪ್ರಶ್ನೆ ಮಾಡಬೇಕು ಅಂತಾರೆ. ಆಗ ಬಾರಿಸು ಕಣಮ್ಮಿ."

"ಒಡೆಯಲ್ವಾ ಸಾ?"

"ಹೊರಗಿನವರ ಮುಂದೆ ಹೊಡೆಯಲ್ಲ."

"ಆಮ್ಯಾಕೆ?"

"ಆಮೇಲೆ ನಾನಿರ್ತೀನಿ," ಎಂದೆ. ಟೆಂಪರರಿ ಮೇಷ್ಟ್ರು ಕೊಡಬಾರದ ಮಾತು ಅದು.

ಪಾಠ ನಡೆಯಿತು. ಗಂಟೆ ಬಾರಿಸಿದ ಹಾಗೆಲ್ಲ ಯೂನಿಫಾರಂ ಬೇಕು, ಬೇಡ ಎಂದು ಮಕ್ಕಳು ಬಾಯಿಪಾಠ ಒಪ್ಪಿಸಿದರು. ನಾನು ಪಕ್ಕದಲ್ಲಿ ನಿಂತು ಒಂದಕ್ಷರ ಹೆಚ್ಚುಕಮ್ಮಿಯಿಲ್ಲದೆ ಇಂಗ್ಲಿಷಿಗೆ ಹೇಳಿದೆ. ಕೊನೆಗೆ ಹೆಡ್‌ಮಾಸ್ಟರು ಕೋಟು ಸರಿಮಾಡಿಕೊಂಡು ಭಾಷಣ ಶುರುಮಾಡಿದರು. "ಇಂದಿನ ಮಕ್ಕಳು ಗುರುಗಳನ್ನೂ ಪ್ರಶ್ನಿಸುವಂತಾಗಬೇಕು..."

ಹುಡುಗಿ ಗಂಟೆ ಬಾರಿಸಿದಳು.

ಅವರು ತಡವರಿಸಿ ಮುಂದುವರಿದರು. ಮತ್ತೆ ಬಾರಿಸಿದಳು. ಮೂರನೇ ಸಲ ಅವರ ಇಂಗ್ಲೆಂಡು, ಕೋಟು, ಗ್ರಂಥಸ್ಥ ಕನ್ನಡ ಮೂರೂ ಕಳಚಿಬಿದ್ದವು.

"ಏಯ್! ಏನಮ್ಮಿ, ಪೊಗರಾ? ಮೇಷ್ಟ್ರು ಮಾತಾಡ್ವಾಗ ಮಕ್ಳು ಬಾಯ್ಮುಚ್ಕಂಡು ಕೂತ್ಕಬೇಕು! ಪ್ರಶ್ನೆ ಕೇಳಕ್ಕೆ ನೀವ್ಯಾರ್ಲಾ? ಏಳಿದ್ದು ಕೇಳ್ರಿ, ಬರ್ಕಳ್ರಿ, ಅಷ್ಟೇಯ!"

ಶಿಕ್ಷಕಿಯರು ನನ್ನತ್ತ ತಿರುಗಿದರು. ನಾನು ಕಾದ ಗಳಿಗೆ ಅದು. ಹೇಳಿದೆ, ಅಕ್ಷರ ಬಿಡದೆ: ಗುರುಗಳು ಮಾತಾಡುವಾಗ ಮಕ್ಕಳು ಬಾಯಿ ಮುಚ್ಚಿ ಕೂರಬೇಕು, ಪ್ರಶ್ನಿಸಲು ಅವರಿಗೆ ಹಕ್ಕಿಲ್ಲ, ಹೇಳಿದ್ದನ್ನು ಬರೆದುಕೊಳ್ಳಬೇಕು, ಎನ್ನುತ್ತಿದ್ದಾರೆ.

ಇಬ್ಬರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅವರ ಕಣ್ಣಿಗೆ, ಹೆಡ್‌ಮಾಸ್ಟರು ಗಂಟೆಗೆ ತಕ್ಕಂತೆ ತಿರುಗಿ ತಮ್ಮ ವಾದವನ್ನೇ ಖಂಡಿಸಿದರಲ್ಲ! ಅದೂ ಎಷ್ಟು ಆವೇಶದಿಂದ! ಅವರನ್ನು ನೋಡಿ ಅಧಿಕಾರಿಗಳೂ ತಟ್ಟಿದರು. ಹೆಡ್‌ಮಾಸ್ಟರು ಅತ್ತಿತ್ತ ನೋಡಿದರು, ಏನೂ ತಿಳಿಯದೆ ಕೈಮುಗಿದರು. ಅದು ವಾದವಲ್ಲ, ಬೈಗುಳ ಎಂದು ನಾನು ಒಂದು ಮಾತು ಸೇರಿಸಬಹುದಿತ್ತು. ಆದರೆ ಗಂಟೆ ಬಾರಿಸಲು ಹೇಳಿಕೊಟ್ಟವರು ಯಾರೆಂಬುದೂ ಹೊರಬೀಳುತ್ತಿತ್ತು, ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನಾನೂ ಚಪ್ಪಾಳೆ ತಟ್ಟಿದೆ. ಇಷ್ಟು ವರ್ಷದಲ್ಲಿ ಅಷ್ಟು ಹೀನಾಯವಾಗಿ ಯಾವ ಚರ್ಚೆಯನ್ನೂ ಸೋತಿಲ್ಲ.

ವಾಪಸು ಬರುವಾಗ ಬಸ್ಸು ತೆರಕಣಾಂಬಿ ದಾಟಿದ ಮೇಲೆ ಹುಡುಗಿ ನನ್ನ ಸೀಟಿನ ಹತ್ತಿರ ಬಂದಳು. "ಎಡ್‌ಮೇಷ್ಟ್ರೇ ಗೆದ್‌ಬುಟ್ರಲ್ಲಾ ಸಾ," ಎಂದಳು. ಅವಳಿಗೆ ಏಟು ಬೀಳಲಿಲ್ಲ. ಚಪ್ಪಾಳೆ ಕೊಡಿಸಿದವಳನ್ನು ಯಾರು ಹೊಡೆಯುತ್ತಾರೆ?

ಮುಂದಿನ ಜೂನಿನಲ್ಲಿ ನನ್ನನ್ನು ಮುಂದುವರಿಸುವ ಆರ್ಡರು ಬರಲಿಲ್ಲ. ಬೇರೆ ಕಡೆ ಅರ್ಜಿ ಹಾಕಲು ಅನುಭವ ಪತ್ರ ಬೇಕಿತ್ತು, ಅದಕ್ಕೂ ಅವರದ್ದೇ ರುಜು. ಮೂರು ಸಲ ಅಲೆಸಿದರು. ನಾಲ್ಕನೇ ಸಲ ಹೋದಾಗ ಮಕ್ಕಳೆಲ್ಲ ಮನೆಗೆ ಹೋಗಿದ್ದರು, ಜವಾನ ಕೋಣೆಗಳಿಗೆ ಬೀಗ ಹಾಕುತ್ತಿದ್ದ. ರುಜು ಹಾಕಿ ಕಾಗದ ಕೊಡುತ್ತಾ, ನನ್ನ ಮುಖ ನೋಡದೆ ಹೇಳಿದರು:

"ಆವತ್ತು ಯಾಕೆ ಚಪ್ಪಾಳೆ ಒಡುದ್ರು ಅಂತ ತಿಳ್ಕಳಕ್ಕೆ ನಿನ್ ಎಂಟು ಪುಟಾನೂ ಓದ್ದೆ ಕಣಯ್ಯಾ. ಎರಡ್ಸಲ ಓದ್ದೆ. ಬೋ ಚೆನ್ನಾಗಿ ಬರ್ದಿದ್ದೀಯ."

ನಿನ್ ಎಂಟು ಪುಟ ಎಂದರು. ಬಾಯಿಬಿಟ್ಟು ಅಂದರು, ಸುಳ್ಳಲ್ಲ. ಕೇಳಲು ಮಾತ್ರ ಆ ಕೋಣೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು ಒಂದು ನರಪಿಳ್ಳೆಯೂ ಇರಲಿಲ್ಲ. ಕದ್ದದ್ದನ್ನು ಒಂದು ದಿನ ಕ್ಷಮಿಸಿಯೇನು. ಆ ಹೊಗಳಿಕೆಯನ್ನು ಕ್ಷಮಿಸಲಾರೆ.