ಸಮುದ್ರದ ಬದಿಯ ಹಾದಿ

ಎಡ್ವಿನ್ ಸ್ಟೊಬಾರ್ಟನನ್ನು ನಾನು ಐವತ್ತು ವರ್ಷದಿಂದ ಬಲ್ಲೆ. ನೇರ ಮನುಷ್ಯ, ಮಹಾ ಹಟಮಾರಿ. ಗಣಿ ಇರುವವರೆಗೆ ಕಲ್ಲಿದ್ದಲು ಕಡಿದ. ಗಣಿ ಮುಚ್ಚಿದ ಮೇಲೆ ನಮ್ಮ ಹಾಕ್ಸ್‌ಡೀನ್ ಫುಟ್‌ಬಾಲ್ ಕ್ಲಬ್ಬಿನ ಮೈದಾನ ನೋಡಿಕೊಂಡ. ಹುಲ್ಲು ಕತ್ತರಿಸುವುದು, ಬಿಳಿ ಗೆರೆ ಎಳೆಯುವುದು, ಬಲೆ ಕಟ್ಟುವುದು ಎಲ್ಲ ಅವನದೇ. ಸಂಬಳವಿಲ್ಲ, ನನ್ನ ಗೂಡಂಗಡಿಯ ಟೀ ಪುಕ್ಕಟೆ. ಆ ಟೀಯನ್ನು ಒಂದು ದಿನವೂ ಬಯ್ಯದೆ ಕುಡಿದವನಲ್ಲ.

ನಮ್ಮಲ್ಲಿ ಆಟ ನೋಡುವವರು ಒಂದೇ ಕಡೆ ನಿಲ್ಲುವುದಿಲ್ಲ. ನಮ್ಮವರು ಯಾವ ಗೋಲಿಗೆ ಹೊಡೆಯಬೇಕೋ ಅದರ ಹಿಂದೆ ನಿಲ್ಲುತ್ತೇವೆ. ಅರ್ಧ ಆಟ ಮುಗಿದು ತಂಡಗಳು ಬದಿ ಬದಲಿಸಿದಾಗ ನಾವೂ ಮೈದಾನ ಸುತ್ತಿಕೊಂಡು ಇನ್ನೊಂದು ಗೋಲಿನ ಹಿಂದಕ್ಕೆ ಹೋಗುತ್ತೇವೆ. ಎಲ್ಲರೂ ಹೋಗುವುದು ನನ್ನ ಅಂಗಡಿ ಮುಂದಿನ ಹಾದಿಯಲ್ಲಿ. ಎದುರಿಗೆ ಸಮುದ್ರದ ಬದಿಯಲ್ಲಿ ಇನ್ನೊಂದು ಹಾದಿಯಿದೆ. ಅದರಲ್ಲಿ ನಡೆಯುತ್ತಿದ್ದವನು ಒಬ್ಬನೇ, ಎಡ್ವಿನ್‌ನ ತಮ್ಮ ಲೆಸ್ಲಿ.

ಲೆಸ್ಲಿ ಗಣಿಯ ದೊಡ್ಡ ಮುಷ್ಕರ ಮುರಿದವನು. ಹನ್ನೊಂದು ತಿಂಗಳು ಎಲ್ಲರ ಜೊತೆ ಹಸಿದುಕೊಂಡಿದ್ದು, ಹೆಂಡತಿ ಹೆತ್ತ ವಾರ, ಕಲ್ಲೇಟು ತಡೆಯಲು ಕಿಟಕಿಗೆ ಜಾಲರಿ ಹಾಕಿದ ಬಸ್ಸು ಹತ್ತಿ ಕೆಲಸಕ್ಕೆ ಹೋದ. ಅವತ್ತಿನಿಂದ ಊರು ಅವನೊಂದಿಗೆ ಮಾತು ಬಿಟ್ಟಿತು, ಒಡಹುಟ್ಟಿದವನೂ ಬಿಟ್ಟ. ಮೂವತ್ತನಾಲ್ಕು ವರ್ಷ! ನಾನೇನು ಕಡಿಮೆಯಲ್ಲ, ಅವನಿಗೆ ಒಂದು ಲೋಟ ಟೀ ಕೊಡಲಿಲ್ಲ. ಅವನು ಕೇಳಲೂ ಇಲ್ಲ, ಮನೆಯಿಂದ ಫ್ಲಾಸ್ಕ್ ತರುತ್ತಿದ್ದ. ಆಟ ಮಾತ್ರ ಒಂದೂ ತಪ್ಪಿಸಲಿಲ್ಲ. ಕಳೆದ ಮಾರ್ಚಿನಲ್ಲಿ ಸತ್ತ. ಎಡ್ವಿನ್ ಮಣ್ಣಿಗೂ ಹೋಗಲಿಲ್ಲ. ಅವತ್ತಿಡೀ ಸುರಿವ ಮಳೆಯಲ್ಲಿ ಗೋಲುಕಂಬಕ್ಕೆ ಬಣ್ಣ ಬಳಿಯುತ್ತಿದ್ದ. ಬಣ್ಣ ಹಿಡಿದರೆ ತಾನೆ?

ಆಗಸ್ಟ್ ಕೊನೆಯ ಶನಿವಾರ ಎಫ್.ಎ. ಕಪ್ಪಿನ ಮೊದಮೊದಲ ಸುತ್ತು. ದೊಡ್ಡ ತಂಡಗಳು ಈ ಕಪ್ಪಿಗೆ ಇಳಿಯುವುದು ಜನವರಿಯಲ್ಲಿ. ಅಷ್ಟರಲ್ಲಿ ನಮ್ಮಂಥವರು ಸೋತು, ಅತ್ತು, ಮರೆತೂ ಆಗಿರುತ್ತದೆ. ಆಟಕ್ಕೆ ಮುಂಚೆ ಎಡ್ವಿನ್ ಅಂಗಡಿಗೆ ಬಂದ.

"ಏನ್ ಮ್ಯಾವಿಸ್, ಇದು ಟೀನೋ, ಬಕೆಟ್ ತೊಳೆದ ನೀರೋ?"

"ಬಕೆಟ್ ನಿಂದೇ ಕಣೋ. ಸುಮ್ನೆ ಕುಡಿ."

ಅವನು ನಗಲಿಲ್ಲ. ಲೋಟ ಕೆಳಗಿಟ್ಟ. "ಬೆಳಿಗ್ಗೆ ಗೆರೆ ಎಳೀತಿದ್ದೆ. ಆ ಕಡೆ ಹಾದೀಲಿ ಜಲ್ಲಿ ತುಳಿಯೋ ಸದ್ದು. ನೋಡಿದ್ರೆ ಯಾರೂ ಇಲ್ಲ. ಆಮೇಲೆ ಕೆಮ್ಮು ಕೇಳಿಸ್ತು. ಲೆಸ್ಲೀದೇ."

"ನಿದ್ದೆಗೆಟ್ಟು ಹೀಗಾಗಿದೀಯ."

"ಆಗಿರ್ಬಹುದು. ಒಂದ್ಸಲ ಅವನನ್ನ ಮಾತಾಡಿಸ್ಬೇಕು ಕಣೇ. ಒಂದೇ ಒಂದು ಮಾತು. ಅದಿಲ್ದೆ ನಂಗೆ ಸಾಯಕ್ಕೂ ಆಗಲ್ಲ. ಇವತ್ತು ಅರ್ಧ ಆಟಕ್ಕೆ ಆ ಕಡೆಯಿಂದ್ಲೇ ಹೋಗ್ತೀನಿ."

ತಮಾಷೆ ಮಾಡೋಣವೆಂದುಕೊಂಡವಳು ಅವನ ಲೋಟಕ್ಕೆ ಇನ್ನಷ್ಟು ಟೀ ಸುರಿದೆ.

ಆಟ ಶುರುವಾದಾಗ ಒಳ್ಳೆ ಬಿಸಿಲಿತ್ತು. ಅರ್ಧ ಗಂಟೆಯಲ್ಲಿ ಸಮುದ್ರದಿಂದ ಮಂಜು ಏರಿ ಬಂತು. ಬೇಸಿಗೆಯಲ್ಲಿ ನಮಗದು ಹೊಸದಲ್ಲ. ಮೊದಲು ಆ ಬದಿಯ ಬೇಲಿ ಕಾಣದಾಯಿತು, ಆಮೇಲೆ ಹಾದಿ, ಆಮೇಲೆ ಅಲ್ಲಿದ್ದ ಲೈನ್ಸ್‌ಮನ್. ಅವನ ಹಳದಿ ಬಾವುಟವೊಂದೇ ಬಿಳಿಯ ನಡುವೆ ತಾನೇ ಏಳುತ್ತ, ತಾನೇ ಇಳಿಯುತ್ತ ಇತ್ತು.

ಅರ್ಧ ಆಟಕ್ಕೆ ಎರಡೂ ಕಡೆ ಗೋಲಿಲ್ಲ. ಜನ ನನ್ನ ಕಡೆ ಬಂದು ಟೀಗೆ ಸಾಲು ನಿಂತರು. ಎಡ್ವಿನ್ ಒಬ್ಬನೇ ಆ ಬದಿಗೆ ತಿರುಗಿ ಮಂಜಿನೊಳಗೆ ಹೋದ. ಅವನ ಎಡಗಾಲು ಎಳೆಯುತ್ತದೆ, ಜಲ್ಲಿಯ ಮೇಲೆ ಆ ಸದ್ದು ನನಗೆ ಗೊತ್ತು. ಸ್ವಲ್ಪ ಹೊತ್ತಿಗೆ ಅವನ ಮುಂದೆ ಇನ್ನೊಂದು ಹೆಜ್ಜೆ ಕೇಳಿಸಿತು, ಕಾಲೆಳೆಯದ ಹೆಜ್ಜೆ. ಸಾಲಿನವರೂ ಕೇಳಿಸಿಕೊಂಡರು. ಒಬ್ಬರೂ ಪಕ್ಕದವರ ಮುಖ ನೋಡಲಿಲ್ಲ. ಮುಂದಿನ ಹೆಜ್ಜೆ ನಿಂತಿತು. ಎಡ್ವಿನ್‌ದು ಹತ್ತಿರವಾಗಿ ಅದೂ ನಿಂತಿತು. ಒಂದು ಒಣ ಕೆಮ್ಮು ಕೇಳಿಸಿತು. ಆಮೇಲೆ ಎಳೆಯುವ ಕಾಲೊಂದೇ ಅವಸರವಾಗಿ ಮುಂದೆ ಹೋಯಿತು.

ಅಂಗಡಿಯನ್ನು ಹಾಗೇ ಬಿಟ್ಟು ಓಡಿದೆ. ಎಡ್ವಿನ್ ಆಚೆ ಗೋಲಿನ ಹಿಂದೆ ಕಂಬಿ ಹಿಡಿದು ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

"ಇದ್ನೇನೋ?"

"ಇದ್ದ. ಅದೇ ಕೋಟು. ಸ್ಕೋರ್ ಎಷ್ಟಾಯ್ತಣ್ಣಾ ಅಂತ ಕೇಳ್ದ."

"ನೀನೇನಂದೆ?"

"ಏನೂ ಅನ್ಲಿಲ್ಲ. ಮಾತಾಡ್ಬೇಕು ಅಂತ್ಲೇ ಹೋಗಿದ್ದೆ ಮ್ಯಾವಿಸ್. ಅವನನ್ನ ನೋಡ್ತಿದ್ದ ಹಾಗೆ ಕತ್ತು ತಾನಾಗೇ ಬೇರೆ ಕಡೆ ತಿರುಗ್ತು. ಅಷ್ಟು ವರ್ಷದ ರೂಢಿ. ಅವನನ್ನ ಅಲ್ಲೇ ಬಿಟ್ಟು ಬಂದ್ಬಿಟ್ಟೆ."

ನನಗೆ ಅವನ ಮೇಲೆ ಸಿಟ್ಟೇ ಬಂತು, ಆಮೇಲೆ ನನ್ನ ಮೇಲೆ. ಅಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಎರಡನೆಯ ಅರ್ಧದಲ್ಲಿ ನಮ್ಮ ಹುಡುಗರು ಎರಡು ಗೋಲು ಹೊಡೆದು ಒಂದು ಬಿಟ್ಟುಕೊಟ್ಟರು. ಎಡ್ವಿನ್ ಒಂದನ್ನೂ ನೋಡಲಿಲ್ಲ. ಕೊನೆಯ ಸೀಟಿ ಊದುವ ಹೊತ್ತಿಗೆ ಮಂಜು ಹರಿದು ಬಿಸಿಲು ಬಿತ್ತು. ಆ ಬದಿಯ ಹಾದಿ ಈ ತುದಿಯಿಂದ ಆ ತುದಿಯವರೆಗೆ ಖಾಲಿ. ಎಡ್ವಿನ್ ಕಂಬಿಯ ಮೇಲೆ ಬಗ್ಗಿ ಕೂಗಿದ.

"ಎರಡು-ಒಂದು ಕಣೋ ತಮ್ಮಾ! ನಾವೇ ಗೆದ್ವಿ!"

ಕಿವಿಗೊಟ್ಟು ನಿಂತ. ಮತ್ತೆ ಕೂಗಿದ. ಆಟಗಾರರು ತಿರುಗಿ ನೋಡಿದರು. ಮೂರನೆಯ ಸಲ ಅವನ ಬದಲು ನಾನು ಕೂಗಿದೆ. ಎಷ್ಟು ಹೊತ್ತು ಕಾದರೂ ಆ ಬದಿಯಿಂದ ಒಂದು ಕೆಮ್ಮೂ ಬರಲಿಲ್ಲ.