ಬಾನೆಟ್ ತಟ್ಟಿ ತೆರೆಯುತ್ತಿದ್ದ ಮೊಯ್ದಿನಾಕ

ಟಕ್, ಟಕ್. ಎರಡೇ ಸಲ, ಬೆರಳ ಗೆಣ್ಣಿನಿಂದ. ಗಲ್ಫಿನ ಶುವೈಖ್ ಪೇಟೆಯ ಆ ಗ್ಯಾರೇಜಿನ ಗದ್ದಲದಲ್ಲಿ ನನ್ನ ಕಿವಿಯಲ್ಲಿ ಉಳಿದಿರುವುದು ಅದೊಂದೇ ಸದ್ದು. ಮೊಯ್ದಿನಾಕ ಯಾವ ಕಾರಿನ ಬಾನೆಟನ್ನೂ ತಟ್ಟದೆ ತೆರೆದವರಲ್ಲ. ಚಳಿಗಾಲದಲ್ಲಿ ಬೀದಿಬೆಕ್ಕುಗಳು ಬೆಚ್ಚಗಿನ ಇಂಜಿನ್ನಿನ ಮೇಲೆ ಮಲಗಿರುತ್ತವಲ್ಲ, ಅವುಗಳಿಗೆ ಎದ್ದುಹೋಗಲು ಪುರುಸೊತ್ತು ಕೊಡಬೇಕು. ಆದರೆ ಉರಿಬಿಸಿಲಿನ ಜುಲೈನಲ್ಲೂ ತಟ್ಟುತ್ತಿದ್ದರು. ಯಾಕೆಂದು ಕೇಳಿದರೆ, "ಒಳಗೆ ಯಾರಿದ್ದಾರೆ ಅಂತ ನಮಗೆಂತ ಗೊತ್ತು ಅಮ್ಮಾ?" ಎನ್ನುತ್ತಿದ್ದರು.

ಪುತ್ತೂರು ಕಡೆಯ ಬ್ಯಾರಿ ಅವರು. ಹೆಸರಿಗೆ ಅಣ್ಣನೆಂಬಂತೆ 'ಆಕ' ಸೇರಿ ಎಲ್ಲರಿಗೂ ಮೊಯ್ದಿನಾಕ, ವಯಸ್ಸಿನಲ್ಲಿ ಹಿರಿಯಳಾದ ನನಗೂ. ಗ್ರೀಸ್ ಮೆತ್ತಿದ ಅಂಗಿಯ ಕಿಸೆಯಲ್ಲಿ ಟೆಸ್ಟರಿನ ಜೊತೆ ಒಂದು ಬಾಚಣಿಗೆ. ಊರಿನಿಂದ ಹೆಂಡತಿಯ ವಿಡಿಯೊ ಕಾಲ್ ಬಂದರೆ ಮೊದಲು ಗಡ್ಡ ಬಾಚಿಕೊಳ್ಳಬೇಕು, ಆಮೇಲೆಯೇ ಹಲೋ.

ನನ್ನ ಮೊಮ್ಮಗಳು ರಿಯಾಗೆ ಹನ್ನೆರಡು. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಅವಳು ನೋಡುವ ಒಂದು ಅಮೆರಿಕನ್ ಸೀರಿಯಲ್‌ನಲ್ಲಿ ಒಬ್ಬ ಇಂಡಿಯನ್ ಮೆಕ್ಯಾನಿಕ್ ಬರುತ್ತಾನೆ. ತಲೆ ಆಡಿಸಿ, ಏನೋ ರಾಗದಲ್ಲಿ ಒಂದು ಮಾತು ಹೇಳಿ ಹೋಗುತ್ತಾನೆ. ಹಿನ್ನೆಲೆಯಲ್ಲಿ ಹೋ ಎಂದು ನಗು. ನಾನೂ ನಗುತ್ತಿದ್ದೆ. ಕಾನ್ವೆಂಟಿನ ಸಿಸ್ಟರ್‌ಗಳು ಎಲೊಕ್ಯೂಷನ್ ಕಲಿಸಿ ತಿದ್ದಿದ ಇಂಗ್ಲಿಷ್ ನನ್ನದು. ಅವನು ನಾನಲ್ಲ ಎಂಬ ಧೈರ್ಯ. ಒಂದು ದಿನ ರಿಯಾ ಮೆಲ್ಲಗೆ ಹೇಳಿದಳು: "ಅಜ್ಜೀ, ಡೋಂಟ್ ಟಾಕ್ ಟು ಮೈ ಫ್ರೆಂಡ್ಸ್, ಪ್ಲೀಸ್. ಯು ಸೌಂಡ್ ಲೈಕ್ ಹಿಮ್."

ಅಲ್ಲಿಗೆ ನನ್ನ ನಗು ಖಲಾಸ್. ಅವಳ ಸ್ಕೂಲಿನ ಗೇಟಿನ ಹತ್ತಿರವೂ ಬಾಯಿ ಬಿಡುವುದನ್ನು ನಿಲ್ಲಿಸಿದೆ.

ಅದೇ ವಾರ ಕಾರಿನ ಎಸಿ ಕೆಟ್ಟಿತು. ಕಂಪ್ರೆಸರ್ ಹೋಗಿದೆ ಎಂದು ಮೊಯ್ದಿನಾಕ ಹೇಳಿದ್ದೇ ತಡ, ನನ್ನ ಪಕ್ಕದಲ್ಲಿದ್ದ ರಿಯಾ ತಲೆಯಾಡಿಸಿ ಅದನ್ನೇ ಆ ರಾಗದಲ್ಲಿ ಹೇಳಿದಳು. ಅವರಿಗೆ ಕೇಳಿಸಿತು. ಅವರು ಕೈ ಒರೆಸಿಕೊಂಡು ಇದು ಯಾರ ಮಾತು ಎಂದು ವಿಚಾರಿಸಿದರು. ಅವಳು ತಲೆ ತಗ್ಗಿಸಿ ಸೀರಿಯಲ್ಲಿನ ಸಂಗತಿ ಹೇಳಿದಳು.

"ಹೆಸರೆಂತ ಅವನದ್ದು?"

ಹೆಸರಿಲ್ಲ ಎಂದಳು.

"ಹೆಸರಿಲ್ವಾ?" ಮೊಯ್ದಿನಾಕನಿಗೆ ನಿಜವಾಗಿಯೂ ಕನಿಕರ. "ಮತ್ತೆ ಮನೆಯಿಂದ ಫೋನ್ ಬಂದ್ರೆ ಹೆಂಡತಿ ಎಂತ ಹೇಳಿ ಕರೆಯುವುದು, ಪಾಪ?"

ಮನೆಗೆ ಹೋದದ್ದೇ ರಿಯಾ ಸೀರಿಯಲ್ ಹಾಕಿದಳು. ಅವನು ಬಂದೊಡನೆ ಚಿತ್ರ ನಿಲ್ಲಿಸಿ ಅವನ ಮುಖವನ್ನೇ ನೋಡುತ್ತ ಕೂತಳು.

ಫೆಬ್ರವರಿಯ ಸ್ಕೂಲ್ ಡೇಗೆ ಅವಳೇ ಒಂದು ಸ್ಕಿಟ್ ಬರೆದಳು. ಅದರಲ್ಲಿ ಎರಡು ಮಾತು ಕನ್ನಡದಲ್ಲಿರಬೇಕು, ಅಜ್ಜಿ ಕಲಿಸಬೇಕು, ಮೊಯ್ದಿನಾಕನನ್ನು ಕರೆತರಬೇಕು ಎಂದು ಹಟ ಹಿಡಿದಳು. ಅವರು ವೀಸಾ ಕ್ಯಾನ್ಸಲ್ ಮಾಡಿಸಿ ಕಾಯಂ ಆಗಿ ಊರಿಗೆ ಹೊರಟು ನಿಂತಿದ್ದರು; ಆದರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಸ್ಟೇಜಿನ ಮೇಲೆ ಹತ್ತಿಯ ಗಡ್ಡದ ರಿಯಾ ರಟ್ಟಿನ ಬಾನೆಟನ್ನು ಎರಡು ಸಲ ತಟ್ಟಿ ಕಾದಳು. ಫೋನ್ ಬಂತು. ಬಾಚಣಿಗೆ ತೆಗೆದು ಗಡ್ಡ ಬಾಚಿ, "ಮೊಯ್ದಿನ್ ಮಾತಾಡುವುದು, ಊಟ ಆಯ್ತಾ?" ಎಂದಳು. ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವರು ಮೊಯ್ದಿನಾಕ, ಕಣ್ಣೊರೆಸಿಕೊಳ್ಳುತ್ತ.

ಹೊರಗೆ ಇಳಿಬಿಸಿಲು. ರಿಯಾ ಗಡ್ಡದಲ್ಲೇ ಓಡಿಬಂದು ಗೆಳತಿಯರಿಗೆ ಹೇಳಿದಳು: "ದಿಸ್ ಈಸ್ ಮೈ ಅಜ್ಜಿ. ಶಿ ಟಾಟ್ ಮಿ. ಆಸ್ಕ್ ಹರ್ ಎನಿಥಿಂಗ್." ನಾನು ಮಾತಾಡಿದೆ. ತುಂಬಾ ಮಾತಾಡಿದೆ.

ಮೊಯ್ದಿನಾಕ ಅಭ್ಯಾಸಬಲದಿಂದ ನಮ್ಮ ಕಾರಿನ ಬಾನೆಟ್ ತಟ್ಟಿ, ಕಿವಿಗೊಟ್ಟು, "ಯಾರೂ ಇಲ್ಲ, ಹೊರಡಿ ಅಮ್ಮಾ" ಎಂದರು. ಅಷ್ಟರಲ್ಲಿ ಅವರ ಕಿಸೆಯಲ್ಲಿ ಫೋನ್ ರಿಂಗಾಯಿತು. ನಾನು ಅವರನ್ನು ಕೊನೆಯದಾಗಿ ಕಂಡದ್ದು ಹಾಗೆ: ನಮ್ಮ ಕಾರಿನ ಪಕ್ಕದ ಕನ್ನಡಿಗೆ ಬಗ್ಗಿ, ಅವಸರವಿಲ್ಲದೆ ಗಡ್ಡ ಬಾಚಿಕೊಳ್ಳುತ್ತಿದ್ದರು.