ಬ್ಯಾಟರಿ ಸೈಕಲ್ಲಿಗೆ ನಾನು ಹಾಕಿದ ನಂಬರು

ನನ್ನ ಭಾವ ಬ್ಯಾಟರಿ ಸೈಕಲ್ಲು ಕೊಂಡದ್ದು ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ. ಅದು ಸೈಕಲ್ಲೋ ಮೋಟಾರು ವಾಹನವೋ ಎಂದು ಆಮೇಲೆ ಕೋರ್ಟಿನಲ್ಲಿ ಬಹಳ ಹೊತ್ತು ವಾದವಾಯಿತು. ನಾನು ಕಂಡಂತೆ ಅದಕ್ಕೆ ಪೆಡಲ್ ಇತ್ತು, ಸೀಟಿನ ಕೆಳಗೆ ಬ್ಯಾಟರಿ ಇತ್ತು, ಹಿಂದಿನ ಚಕ್ರದಲ್ಲಿ ಸಣ್ಣದೊಂದು ಮೋಟಾರಿತ್ತು. ಸದ್ದು ಮಾಡುತ್ತಿರಲಿಲ್ಲ.

ಅಕ್ಕ, ಭಾವ ಇದ್ದದ್ದು ಸೋಸಲೆಯಲ್ಲಿ. ಭಾವ ಟಿ. ನರಸೀಪುರದ ಒಂದು ಹಾಸ್ಟೆಲಿನಲ್ಲಿ ಅಡುಗೆಯವರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವರ ಎಡಗಾಲು ಸಣಕಲಾಗಿತ್ತು. ತೊಂಬತ್ತರ ದಶಕದಲ್ಲಿ ಒಮ್ಮೆ ಮೊಪೆಡ್ ಲೈಸೆನ್ಸಿಗೆಂದು ಅವರನ್ನು ನಾನೇ ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಯವರು ಕಾಲು ನೋಡಿದರು, ಮೂರು ಚಕ್ರದ್ದಾದರೆ ನೋಡೋಣ ಎಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ಭಾವ ನಕ್ಕರು. "ಮೂರ್ ಚಕ್ರ ಅಂತೆ. ನನ್ನೇನು ಆಟೋ ಅಂದ್ಕಂಡವ್ನಾ?" ಆಮೇಲೆ ಅವರು ಮಾಮೂಲಿ ಸೈಕಲ್ಲನ್ನೇ ಬಲಗಾಲೊಂದರಲ್ಲಿ ತುಳಿದುಕೊಂಡು ಓಡಾಡಿದರು. ವರ್ಷಗಳು ಕಳೆದ ಮೇಲೆ ಬಲಮಂಡಿಯೂ ಊದಿಕೊಂಡಿತು.

ಆಗ ಬಂದದ್ದು ಬ್ಯಾಟರಿ ಸೈಕಲ್ಲು. ಅಂಗಡಿಯವರು ಅದರ ಜೊತೆ ಸರ್ಕಾರದ ನಿಯಮವಿದ್ದ ಇಂಗ್ಲಿಷಿನ ಒಂದು ಕಾಗದ ಕೊಟ್ಟಿದ್ದರು. ನಾನು ನಂಜನಗೂಡಿನಲ್ಲಿ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಅದರ ಅರ್ಥವನ್ನು ಕೆಳಗೆ ಕನ್ನಡದಲ್ಲಿ ಬರೆದುಕೊಟ್ಟೆ. ಮೋಟಾರಿನ ಶಕ್ತಿ ಇನ್ನೂರೈವತ್ತು ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ ಇಪ್ಪತ್ತೈದು ಕಿಲೋಮೀಟರಿನ ಒಳಗೆ. ಆದ್ದರಿಂದ ಇದನ್ನು ರಸ್ತೆಯಲ್ಲಿ ಓಡಿಸಲು ಲೈಸೆನ್ಸು ಬೇಡ, ರಿಜಿಸ್ಟ್ರೇಷನ್ ಬೇಡ, ಇನ್ಶೂರೆನ್ಸ್ ಬೇಡ. ಬೇಡ, ಬೇಡ, ಬೇಡ ಎಂದು ಭಾವ ಅದನ್ನು ಅಕ್ಕನಿಗೆ ಎರಡು ಸಲ ಓದಿ ಹೇಳಿದರು. ಸರ್ಕಾರದ ಕಾಗದವೊಂದು ಅವರನ್ನು ಏನೂ ಕೇಳದೆ ಬಿಟ್ಟದ್ದು ಅದೇ ಮೊದಲು.

ಆದರೆ ಕಾಗದ ಬಿಟ್ಟರೂ ರಸ್ತೆ ಬಿಡಲಿಲ್ಲ. ಬೆಳಗ್ಗೆ ನರಸೀಪುರದ ಸರ್ಕಲ್ಲಿನಲ್ಲಿ ಪೊಲೀಸರು ನಿಲ್ಲಿಸುತ್ತಿದ್ದರು. ಒಂದು ದಿನ ಅವರ ಹಿಂದೆ ನನ್ನ ಸ್ಕೂಟರಿನಲ್ಲಿ ನಾನೂ ಇದ್ದೆ.

"ನಂಬರೆಲ್ರೀ?" ಎಂದರು ಪೇದೆ.

"ಇದುಕ್ಕೆ ನಂಬರಿಲ್ಲ ಸಾ."

"ನಂಬರಿಲ್ದೆ ಇರಾಕೆ ಇದೇನು ಎತ್ತಿನ್ ಗಾಡಿನಾ?"

"ಎತ್ತಾದ್ರೆ ಒದೀತದೆ ಸಾ. ಇದು ಅದೂ ಮಾಡಕಿಲ್ಲ."

ಪೇದೆ ನಕ್ಕರು. ಕಾಗದ ಓದಿದರು. ಮಡಿಸಿ ಕೊಟ್ಟು, ಸಾಹೇಬ್ರು ಬರಲಿ ಎಂದು ನಿಲ್ಲಿಸಿಕೊಂಡರು. ಮರುವಾರ ಬೇರೆ ಪೇದೆ, ಅದೇ ಮಾತು. ಹಾಸ್ಟೆಲಿನಲ್ಲಿ ಉಪ್ಪಿಟ್ಟು ತಡವಾಗುತ್ತಿತ್ತು. ಎರಡು ದಿನ ಮಕ್ಕಳು ಹಸಿದುಕೊಂಡೇ ಸ್ಕೂಲಿಗೆ ಹೋದರು. ಮೂರನೆಯ ಸಲಕ್ಕೆ ವಾರ್ಡನ್ನರು ಭಾವನಿಗೆ ಮೆಮೊ ಕೊಟ್ಟರು.

ನಾನು ತಪ್ಪು ಮಾಡಿದ್ದು ಆಗ. ನನ್ನ ಹಳೆಯ ಮೊಪೆಡ್ಡು ಇಂಜಿನ್ ಕೆಟ್ಟು ಕೊಟ್ಟಿಗೆಯಲ್ಲಿ ಬಿದ್ದಿತ್ತು. ಅದರ ನಂಬರ್ ಪ್ಲೇಟನ್ನು ಬಿಚ್ಚಿಕೊಂಡು ಹೋಗಿ ಭಾವನ ಸೈಕಲ್ಲಿನ ಹಿಂದಕ್ಕೆ ಎರಡು ಸ್ಕ್ರೂ ಹಾಕಿ ಕೂರಿಸಿದೆ.

"ಬ್ಯಾಡ ಕಣೋ ಮೇಷ್ಟ್ರೇ. ಬ್ಯಾಡ ಅಂತ ಕಾಗ್ದುದಲ್ಲೇ ಬರ್ದದಲ್ಲ, ಇಲ್ದಿರದ್ನ ಯಾಕೆ ತೋರ್ಸದು?" ಎಂದರು ಭಾವ.

"ನಂಬರ್ ಇದ್ಯಾ ಅಂತ ನೋಡ್ತಾರೆ ಭಾವ. ಯಾವ್ ನಂಬರ್ ಅಂತ ಯಾರೂ ನೋಡಲ್ಲ."

ಅಕ್ಕ ಒಲೆಯ ಮುಂದಿನಿಂದ, "ಓದ್ದೋನು ಏಳ್ತಾವ್ನೆ, ಸುಮ್ಕಿರಿ" ಎಂದಳು. ಭಾವ ಸೈಕಲ್ಲನ್ನು ಒಳಗೆ ತಳ್ಳಿಕೊಂಡು ಹೋದರು. ಮಾರನೆಯ ದಿನದಿಂದ ಯಾರೂ ನಿಲ್ಲಿಸಲಿಲ್ಲ.

ಏಳೆಂಟು ತಿಂಗಳಾದ ಮೇಲಿನ ಒಂದು ಶನಿವಾರ. ಅರ್ಧ ದಿನದ ಸ್ಕೂಲು ಮುಗಿಸಿ ನಾನು ನರಸೀಪುರಕ್ಕೆ ಹೋಗಿದ್ದೆ. ಸಂಜೆ ಐದರ ಹೊತ್ತಿಗೆ ಇಬ್ಬರೂ ಸೋಸಲೆಗೆ ಹೊರಟೆವು. ಭಾವ ಮುಂದೆ, ನಾನು ಸ್ಕೂಟರಿನಲ್ಲಿ ಹಿಂದೆ. ನಡುವೆ ಸುಮಾರು ಇಪ್ಪತ್ತು ಮಾರು ದೂರ. ಬೆಳಕು ಚೆನ್ನಾಗಿತ್ತು. ಊರಿಗೆ ಬಲಕ್ಕೆ ತಿರುಗುವ ಜಾಗ ಬರುವ ಮೊದಲೇ ಭಾವ ಬಲಗೈ ಚಾಚಿದರು. ಅರೆಕ್ಷಣ ಅಲ್ಲ, ಮೂರು ಎಣಿಸುವಷ್ಟು ಹೊತ್ತು. ಒಮ್ಮೆ ಹಿಂತಿರುಗಿ ನನ್ನನ್ನು ನೋಡಿದರು. ಆಗ ನನ್ನ ಪಕ್ಕದಿಂದ ಒಂದು ಗೂಡ್ಸ್ ಟೆಂಪೋ ನನ್ನನ್ನು ದಾಟಿ ಮುಂದೆ ಹೋಯಿತು. ಹಾರ್ನ್ ಮಾಡಲಿಲ್ಲ. ಭಾವ ಅರ್ಧ ತಿರುಗಿದ್ದರು.

ಮೈಸೂರಿನ ಆಸ್ಪತ್ರೆ ತಲುಪುವ ಮೊದಲೇ ಅವರು ಹೋಗಿಬಿಟ್ಟಿದ್ದರು.

ಮಾರನೆಯ ದಿನ ಠಾಣೆಯಲ್ಲಿ ಹೇಳಿಕೆ ಕೊಡಬೇಕಿತ್ತು. ನಾನು ಅನ್ನ ಮುಟ್ಟಿರಲಿಲ್ಲ. ಷರ್ಟಿನ ಮೇಲಿನ ಕಲೆಯೂ ಹಾಗೇ ಇತ್ತು. ಕಂಡದ್ದನ್ನೆಲ್ಲ ಸರಿಯಾಗಿ ಹೇಳಿದೆ. ಕೊನೆಗೆ ಅಲ್ಲಿಯವರು, "ಗಾಡಿ ಮೇಲಿರೋ ನಂಬರ್ ನಿಮ್ಮ ಮೊಪೆಡ್ದು. ಅದು ಹೇಗೆ ಬಂತು?" ಎಂದು ಕೇಳಿದರು. ಒಂದು ವಾಹನದ ನಂಬರನ್ನು ಇನ್ನೊಂದಕ್ಕೆ ಹಾಕುವುದು ಅಪರಾಧವೆಂದು ನನಗೆ ಗೊತ್ತಿತ್ತು. ನನ್ನದು ಸರ್ಕಾರಿ ಕೆಲಸ.

"ಗೊತ್ತಿಲ್ಲ ಸಾರ್" ಎಂದೆ.

ಅವರು ತಲೆ ಎತ್ತದೆ ಬರೆದುಕೊಂಡರು: ಮೃತನು ಮಾಲೀಕನ ಗಮನಕ್ಕೆ ಬಾರದಂತೆ ಪ್ಲೇಟನ್ನು ತೆಗೆದುಕೊಂಡು ಅಳವಡಿಸಿಕೊಂಡಿರುತ್ತಾನೆ. ನಾನು ಓದಿ ಸಹಿ ಹಾಕಿದೆ. ಓದದೆ ಹಾಕಿದೆ ಎಂದು ಹೇಳಬಹುದಿತ್ತು, ಹಾಗೆ ಹೇಳಲಾರೆ. ಓದಿಯೇ ಹಾಕಿದೆ.

ಪರಿಹಾರದ ಕೇಸು ಹಾಕಿದಾಗ ನಮ್ಮ ವಕೀಲರು ಆ ಹಾಳೆಯನ್ನು ಕೊನೆಯವರೆಗೆ ಓದಿದರು. ಆಮೇಲೆ, "ನಂಬರಿಲ್ಲದಿದ್ರೆ ಇದು ಕಾನೂನಿನ ಲೆಕ್ಕದಲ್ಲಿ ಸೈಕಲ್ಲೇ ಆಗಿರ್ತಿತ್ತು. ಲೈಸೆನ್ಸ್ ಎಲ್ಲಿ ಅಂತ ಕೇಳೋ ಹಾಗೇ ಇರಲಿಲ್ಲ. ನಂಬರ್ ಹಾಕಿ ನೀವುಗಳೇ ಅದನ್ನ ಗಾಡಿ ಮಾಡಿಬಿಟ್ರಿ," ಎಂದರು. ಟೆಂಪೋದವನು ಭಾವ ಕೈ ತೋರಿಸದೆ ತಟ್ಟನೆ ತಿರುಗಿದರು ಎನ್ನುತ್ತಿದ್ದ. ತೋರಿಸಿದ್ದನ್ನು ನೋಡಿದವನು ನಾನೊಬ್ಬನೇ. ಪ್ಲೇಟಿನ ವಿಷಯ ಕೆದಕದೆ ಹಿಂದಿನ ಹೇಳಿಕೆಗೇ ಅಂಟಿಕೊಳ್ಳಿ, ಆಗ ನಿಮ್ಮ ಸಾಕ್ಷಿ ನಿಲ್ಲುತ್ತದೆ ಎಂದು ವಕೀಲರು ಎಚ್ಚರಿಸಿದರು.

ಆ ರಾತ್ರಿ ಅಕ್ಕನಿಗೆ ಠಾಣೆಯಲ್ಲಿ ಆದದ್ದನ್ನು, ವಕೀಲರು ಅಂದದ್ದನ್ನು ಹೇಳಿದೆ. ಪ್ಲೇಟು ಯಾರು ಹಾಕಿದ್ದೆಂದು ಅವಳಿಗೆ ಗೊತ್ತಿತ್ತು. ಹಾಳೆಯಲ್ಲಿ ಏನು ಬರೆದಿದೆ ಎಂಬುದು ಗೊತ್ತಿರಲಿಲ್ಲ.

"ಕದ್ರು ಅಂತ ಬರ್ಸಿದ್ದೀಯಾ?" ಎಂದಳು.

"ಕದ್ರು ಅಂತ ಬರೆದಿಲ್ಲ ಅಕ್ಕ."

"ಕೇಳ್ದೆ ತಗಂಡ್ರೆ ಇನ್ನೇನು ಅಂತಾರೆ ನಿಮ್ ಇಸ್ಕೂಲಲ್ಲಿ?"

ಅವಳೇ ಮುಂದುವರಿದು, "ಇರೋದ್ನ ಏಳ್ಬುಡು. ಕೇಸು ಓದ್ರೆ ಓಗ್ಲಿ," ಎಂದಳು.

ಕೋರ್ಟಿನಲ್ಲಿ ಹೇಳಿದೆ. ಪ್ಲೇಟನ್ನು ಹಾಕಿದ್ದು ನಾನು, ನನ್ನ ಕೈಯಾರೆ. ಅವರು ಬೇಡ ಎಂದಿದ್ದರು. ಎದುರು ಕಡೆಯ ವಕೀಲರು ನಿಧಾನವಾಗಿ ಎದ್ದರು. "ಹಾಗಾದರೆ ಪೊಲೀಸರ ಮುಂದೆ ಹೇಳಿದ್ದು ಸುಳ್ಳು?"

"ಹೌದು."

"ಪ್ಲೇಟಿನ ವಿಷಯದಲ್ಲಿ ಸುಳ್ಳು ಹೇಳಿದವರು ಕೈ ತೋರಿಸಿದ ವಿಷಯದಲ್ಲಿ ಮಾತ್ರ ನಿಜ ಹೇಳ್ತಿದೀರಿ. ಹೌದೋ?"

"ಹೌದು" ಎಂದೆ. ಹಿಂದೆ ಯಾರೋ ನಕ್ಕರು.

ತೀರ್ಪು ಬರಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಅಕ್ಕ ಅದನ್ನು ಕನ್ನಡದಲ್ಲಿ ಓದಿ ಹೇಳೆಂದಳು. ಪ್ಲೇಟನ್ನು ಮೃತರು ತೆಗೆದುಕೊಂಡದ್ದಲ್ಲ, ಸಾಕ್ಷಿದಾರನೇ ಅಳವಡಿಸಿದ್ದು ಎಂಬ ಸಾಲನ್ನು ಮೊದಲು ಓದಿದೆ. ಅವಳು ತಲೆ ಆಡಿಸಿದಳು. ಪ್ರತ್ಯಕ್ಷ ಸಾಕ್ಷಿಯ ಮಾತು ನಂಬಲರ್ಹವಲ್ಲವಾದ್ದರಿಂದ ಅಪಘಾತದಲ್ಲಿ ಮೃತರದೂ ಅರ್ಧ ತಪ್ಪು ಎಂಬ ಸಾಲನ್ನು ಆಮೇಲೆ ಓದಿದೆ.

"ಕೈ ತೋರ್ಸಿದ್ರು ಅಂತ ಎಲ್ಲೂ ಬರ್ದಿಲ್ವಾ?"

"ಇಲ್ಲ ಅಕ್ಕ."

ಅವಳು ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಪಕ್ಕಕ್ಕಿಟ್ಟಳು. ಆ ಸಂಜೆಯ ಬಗ್ಗೆ ಅವಳು ಅದುವರೆಗೆ ನನ್ನನ್ನು ಏನೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

"ನೀನು ನೋಡ್ದಲ್ಲ?"

"ನೋಡ್ದೆ."

"ಅಂಗಾರೆ ನಂಗೇಳು," ಎಂದಳು.

ನರಸೀಪುರ ಬಿಟ್ಟಲ್ಲಿಂದ ಶುರುಮಾಡಿದೆ. ಭಾವ ಮುಂದಿದ್ದರು, ನಾನು ಹಿಂದಿದ್ದೆ ಎಂದೆ. ಎಷ್ಟು ಹಿಂದೆ ಎಂದು ಅವಳು ಕೇಳಿದಳು. ಇಪ್ಪತ್ತು ಮಾರು ಎಂದೆ.